ಎಸ್ತೇರಬಾಯಿ ಕೊಟ್ಟ ಪ್ರಾರ್ಥನಾ ವಿನಂತಿ

ಎಸ್ತೇರಬಾಯಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂಬುದು ಬೆಳಗಾವಿಯ ಶಿವಬಸವ ನಗರದ ಆ ಓಣಿಗೆಲ್ಲ ಗೊತ್ತು. ಊರಿಗೆಲ್ಲ ನೀರು ಬೆರೆಸಿದ ಹಾಲು ಹಾಕುವವನು ಅವಳ ಪಾತ್ರೆಗೆ ಮಾತ್ರ ಗಟ್ಟಿ ಹಾಲು ಸುರಿದು ತಲೆ ಎತ್ತದೆ ಹೋಗುತ್ತಾನೆ. ಖಾಸಗಿ ದವಾಖಾನೆಯೊಂದರಲ್ಲಿ ಆಯಾ ಆಗಿ ದುಡಿದು ಈಗ ಮನೆಯಲ್ಲಿದ್ದಾಳೆ. ಅಲ್ಲಿದ್ದಷ್ಟು ಕಾಲ ರೋಗಿಗಳು ಡಾಕ್ಟರಿಗಿಂತ ಅವಳಿಗೇ ಹೆಚ್ಚು ಹೆದರುತ್ತಿದ್ದರಂತೆ; ಆದರೆ ಮೈ ಒರೆಸಲು ಅವಳೇ ಬೇಕೆಂದು ಹಟ ಹಿಡಿಯುತ್ತಿದ್ದರಂತೆ. ಇಂಥ ಹೆಂಗಸು ದಿನಾ ಬೆಳಿಗ್ಗೆ ಚಹಾಕ್ಕೂ ಮೊದಲು ಬೈಬಲ್ ತೆರೆದು ಕೂರುತ್ತಾಳೆ ಎಂದರೆ ಹೊಸಬರಿಗೆ ನಗು ಬರುತ್ತದೆ. ಬರಲಿ. ಅವಳು ಓದುವ ರೀತಿ ತಿಳಿದ ಮೇಲೆ ಯಾರೂ ನಕ್ಕಿಲ್ಲ.

ಆ ರೀತಿ ಅವಳ ಅಪ್ಪನದು. ಅವನು ಖಾನಾಪುರದ ಕಡೆಯ ಹಳ್ಳಿಗಳಲ್ಲಿ ಚೀಲ ಹೆಗಲಿಗೇರಿಸಿಕೊಂಡು ಸುವಾರ್ತೆಯ ಪುಸ್ತಕ ಮಾರುತ್ತಿದ್ದವನು. ಬೆಳಿಗ್ಗೆ ಓದಿದ್ದನ್ನು ಸಂಜೆಯೊಳಗೆ ಒಮ್ಮೆಯಾದರೂ ಮಾಡಿ ತೋರಿಸಬೇಕು, ಆಗದಿದ್ದರೆ ಮರುದಿನ ಮುಂದಕ್ಕೆ ಹೋಗುವಂತಿಲ್ಲ, ಅದನ್ನೇ ಮತ್ತೆ ಓದಬೇಕು ಎಂಬುದು ಅವನ ಕಟ್ಟಳೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಎಂಬ ಮಾತಿನ ಹತ್ತಿರ ಅವನು ಒಂದು ಚಳಿಗಾಲವಿಡೀ ಸಿಕ್ಕಿಬಿದ್ದಿದ್ದ. ಏಕೆಂದರೆ ಅವನಿಗಿದ್ದದ್ದು ಒಂದೇ ಅಂಗಿ. ಕ್ರಿಸ್‌ಮಸ್ಸಿಗೆ ಯಾರೋ ಇನ್ನೊಂದು ಹೊಲಿಸಿಕೊಟ್ಟರೆ ಅದೇ ಸಂಜೆ ಅದನ್ನು ದಾನ ಮಾಡಿ ಬಂದು ಹೆಂಡತಿಯಿಂದ ಉಗಿಸಿಕೊಂಡ. ಮಗಳಿಗೆ ಬಂದ ಆಸ್ತಿಯೆಂದರೆ ಈ ಕಟ್ಟಳೆ ಒಂದೇ.

ಈ ವರ್ಷ ಬೇಸಿಗೆಯ ಕೊನೆಗೆ ಅವಳು ಮತ್ತಾಯನ ಸುವಾರ್ತೆಯಲ್ಲಿ, ವೈರಿಗಳನ್ನು ಪ್ರೀತಿಸಬೇಕು, ಕಾಡಿದವರಿಗಾಗಿ ಪ್ರಾರ್ಥಿಸಬೇಕು ಎಂಬ ಮಾತಿಗೆ ಬಂದಿದ್ದಳು. ಹಿಂದೆಲ್ಲ ಇದನ್ನು ಸುಲಭವಾಗಿ ದಾಟಿದ್ದಾಳೆ. ಬಚ್ಚಲು ನೀರನ್ನು ಇವಳ ಬಾಗಿಲಿಗೆ ಹರಿಯಬಿಡುವ ನೆರೆಯವಳಿಗೆ ಒಂದು ಬಟ್ಟಲು ಪಾಯಸ ಕೊಟ್ಟರೆ ಆಯಿತು, ಮುಂದಿನ ಪುಟ. ಆದರೆ ಈ ಸಲ ಅದೇ ದಿನ ಬಾಗಿಲಿಗೆ ಬಂದವಳು ಖಾನಾಪುರದ ಹುಸೇನಬೀ ಎಂಬ ಮುದುಕಿ.

"ನೀವ ಪ್ರಭುದಾಸನ ಮನಿಯವರಲ್ರೀ? ಚಂದ್ರವ್ವಗ ಲಕ್ವಾ ಹೊಡದೈತ್ರಿ. ಎಡಗೈ ಎಡಗಾಲು ಎರಡೂ ಬಿದ್ದಾವ. ದವಾಖಾನಿಯಿಂದ ಮನಿಗೆ ಕಳಿಸ್ಯಾರ. ನಾ ಬಾಜೂ ಮನ್ಯಾಕಿ. ಅಕಿನ್ನ ಎತ್ತಿ ಹೊಳ್ಳಿಸಾಕ ನನ್ನ ಕೈಲೆ ಆಗೂದಿಲ್ರೀ."

"ಅಕೀ ಮಂದಿ ದೇಸೂರಾಗ ಅದಾರಲ್ಲ. ಅವರಿಗೆ ಹೇಳ ಹೋಗು."

"ಹೋಗಿದ್ದೆರೀ ಬಾಯಿ. ಕ್ರಿಸ್ತಾನರವನ ಸಂಗಾಟ ಓಡಿ ಹೋದಾಗನ ಅಕಿ ಸತ್ಲು ಅಂದ್ರು. ಬಾಗಲಾ ಹಾಕ್ಕೊಂಡ್ರು."

"ಹಂಗಾರ ನಾನೂ ಹಾಕ್ಕೊಂತೀನಿ," ಎಂದು ಎಸ್ತೇರಬಾಯಿ ಮುದುಕಿಯ ಮುಖಕ್ಕೆ ಬಾಗಿಲು ಬಡಿದಳು.

ಬಡಿಯದೆ ಏನು ಮಾಡಬೇಕು? ಪ್ರಭುದಾಸ ಅವಳ ಗಂಡ. ಹಂಚಿನ ಲಾರಿ ಓಡಿಸುತ್ತಿದ್ದ, ಚರ್ಚಿನಲ್ಲಿ ಹಾಡು ಎತ್ತಿಕೊಟ್ಟರೆ ಹೆಂಗಸರೆಲ್ಲ ಕತ್ತು ಹೊರಳಿಸಿ ನೋಡುವಂಥ ಕಂಠ. ದೇಸೂರಿನ ಚಂದ್ರವ್ವನನ್ನು ಲಾರಿಯಲ್ಲಿ ಕೂರಿಸಿಕೊಂಡು ಹೋಗಿ ಖಾನಾಪುರದಲ್ಲಿ ಮನೆ ಹೂಡಿದವನು ಈ ಕಡೆ ತಿರುಗಿ ನೋಡಲಿಲ್ಲ. ಆಗ ಚರ್ಚಿನ ಹಿರಿಯರು ಮನೆಗೆ ಬಂದು, ಚಹಾ ಕುಡಿದು, "ನೀ ಬಾಯಿ ಸ್ವಲ್ಪ ಕಡಿಮಿ ಮಾಡಿದ್ದರ ಅಂವ ಉಳೀತಿದ್ನವಾ," ಎಂದು ಹೇಳಿ ಹೋದರು. ಗಂಡ ಹೋದ ಸಂಕಟ ಕಾಲ ಕಳೆದಂತೆ ತಣ್ಣಗಾಯಿತು. ಆ ಮಾತು ಮಾತ್ರ ಇವತ್ತಿಗೂ ಅವಳ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿದೆ. ಕೆಲ ವರ್ಷಗಳ ಹಿಂದೆ ಪ್ರಭುದಾಸ ಸತ್ತಾಗ ಅವಳು ಮಣ್ಣಿಗೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಬೈಬಲ್ ತೆರೆದರೆ ಅದೇ ವೈರಿ, ಅದೇ ಪ್ರೀತಿ. ಅದರ ಮರುದಿನವೂ ಅದೇ. ನೆರೆಯವಳಿಗೆ ಪಾಯಸ ಕೊಟ್ಟು ನೋಡಿದಳು, ಹಳೆಯ ಸೀರೆ ಕೊಟ್ಟು ನೋಡಿದಳು. ಬೇರೆಯವರನ್ನು ಯಾಮಾರಿಸಬಹುದು, ಅಪ್ಪನ ಕಟ್ಟಳೆಯನ್ನು ಯಾಮಾರಿಸಲು ಆಗಲಿಲ್ಲ. ಕೊನೆಗೊಂದು ಬೆಳಿಗ್ಗೆ ಪುಸ್ತಕವನ್ನು ಪಟ್ಟನೆ ಮುಚ್ಚಿ, "ನಿನಗ ಬ್ಯಾರೇ ಯಾರೂ ಸಿಗಲಿಲ್ಲೇನಪಾ ದೇವರ?" ಎಂದು ಗಟ್ಟಿಯಾಗಿಯೇ ಕೇಳಿ, ಡೆಟಾಲು, ಹಳೆಯ ಧೋತರದ ತುಂಡು, ಹತ್ತಿ ಎಲ್ಲ ಚೀಲಕ್ಕೆ ತುರುಕಿಕೊಂಡು ಖಾನಾಪುರದ ಬಸ್ಸು ಹತ್ತಿದಳು. ಆಧಾರ್ ಕಾರ್ಡು ಕೇಳಿದ ಕಂಡಕ್ಟರನಿಗೂ ಬೈದಳು, ಪಾಪ, ಅವನದೇನೂ ತಪ್ಪಿರಲಿಲ್ಲ.

ಚಂದ್ರವ್ವ ಮಲಗಿದ್ದ ಕೋಣೆಯ ವಾಸನೆ ಅವಳಿಗೆ ಹೊಸದಲ್ಲ. ಬೆನ್ನಿಗೆ ಹುಣ್ಣು ಶುರುವಾಗಿತ್ತು. ವಕ್ರವಾದ ಬಾಯಿಂದ ಚಂದ್ರವ್ವ "ಅಕ್ಕಾ," ಎಂದಳು.

"ಅಕ್ಕಾ ಗಿಕ್ಕಾ ಅನ್ನಬ್ಯಾಡ. ಸುಮ್ಮ ಮಲಕ್ಕೊ."

ಅಷ್ಟೇ ಮಾತು. ಹಲ್ಲು ಕಚ್ಚಿಕೊಂಡು ತೊಳೆದಳು, ಹೊರಳಿಸಿದಳು, ಹುಣ್ಣು ಒರೆಸಿ ಮುಲಾಮು ಹಚ್ಚಿದಳು. ಮೆತ್ತಗೆ ಬೇಯಿಸಿದ ಅನ್ನವನ್ನು ಸಾರಿನಲ್ಲಿ ಕಿವುಚಿ, ಜೀವವಿದ್ದ ಬಲದವಡೆಯ ಕಡೆಗೆ ಇಟ್ಟು ನುಂಗಿಸಿದಳು. ಹುಸೇನಬೀ ಉಣಿಸಿದರೆ ಕೆಮ್ಮಿ ಉಗುಳುತ್ತಿದ್ದವಳು ಇವಳ ಕೈಯಿಂದ ತಟ್ಟೆ ಖಾಲಿ ಮಾಡಿದಳು. ಅವತ್ತಿನಿಂದ ದಿನ ಬಿಟ್ಟು ದಿನ ಖಾನಾಪುರ. ಚಂದ್ರವ್ವನಿಗೆ ಗೋಡೆಗೆ ಒರಗಿ ಕೂರುವಷ್ಟು ಚೇತರಿಕೆ ಬಂತು. ಎಸ್ತೇರಬಾಯಿಗೆ ಮಾತ್ರ ಸಿಟ್ಟು ಒಂದು ಗುಂಜಿಯೂ ಇಳಿಯಲಿಲ್ಲ. ಈ ಕೈಯನ್ನು ಅವನು ಹಿಡಿದಿದ್ದ, ಈ ತಲೆಯನ್ನು ಅವನು ನೇವರಿಸಿದ್ದ ಎಂದುಕೊಳ್ಳುತ್ತಲೇ ಆ ಕೈಯನ್ನು ತೊಳೆದಳು, ಆ ತಲೆಯನ್ನು ಬಾಚಿದಳು.

ಇಷ್ಟಾದರೂ ಪುಟ ತಿರುಗಲಿಲ್ಲ. ಪ್ರಾರ್ಥಿಸಬೇಕು ಎಂಬ ಇನ್ನೊಂದು ಭಾಗ ಉಳಿದಿತ್ತಲ್ಲ. ಮೊಣಕಾಲೂರಿ ಕೂತರೆ ಚಂದ್ರವ್ವನ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಆಗ ಅವಳಿಗೊಂದು ಉಪಾಯ ಹೊಳೆಯಿತು. ಬುಧವಾರದ ಸ್ತ್ರೀಸಮಾಜದ ಕೂಟದಲ್ಲಿ ಕೊನೆಗೆ ಪ್ರಾರ್ಥನಾ ವಿನಂತಿ ಕೇಳುವ ರೂಢಿ. ಯಾರ ಮಗನಿಗೆ ನೌಕರಿ, ಯಾರ ಮೊಣಕಾಲಿಗೆ ಆಪರೇಷನ್ ಎಂದು ಒಬ್ಬೊಬ್ಬರು ಎದ್ದು ಹೇಳುತ್ತಾರೆ, ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ. ತನ್ನ ಬಾಯಿಗೆ ಬಾರದ ಪ್ರಾರ್ಥನೆಯನ್ನು ಅವರ ಬಾಯಿಗೆ ಹಾಕಿದರಾಯಿತು.

ಎದ್ದು ನಿಂತಳು. "ಖಾನಾಪುರದಾಗ ಒಬ್ಬಾಕಿಗೆ ಲಕ್ವಾ ಹೊಡದೈತಿ," ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅವಳು ಯಾರು, ಯಾರ ಗಂಡನ ಜೊತೆ ಓಡಿದಳು, ಯಾವ ಓಣಿ, ಯಾವ ಮನೆ ಎಲ್ಲ ಬಂತು. ಹೆಂಗಸರೆಲ್ಲ ಲೊಚಗುಟ್ಟಿದರು. ತನ್ನ ಗಂಡ ಹೋದಾಗ ಈ ಚರ್ಚು ತನಗಾಗಿ ಹೀಗೆ ಒಮ್ಮೆಯೂ ಲೊಚಗುಟ್ಟಿರಲಿಲ್ಲ, ಈಗ ಕೇಳಲು ಎಷ್ಟು ಹಿತವಾಗಿತ್ತು! ಚಾಡಿಯನ್ನು ಪ್ರಾರ್ಥನೆಯ ಸೆರಗಿನಲ್ಲಿ ಕಟ್ಟಿ ದಾಟಿಸುವ ವಿದ್ಯೆ ಅಲ್ಲಿ ಯಾರಿಗೂ ಹೊಸದಲ್ಲ. ಗುರುವಾರ ಬೆಳಿಗ್ಗೆ ಎಸ್ತೇರಬಾಯಿ ನಿರಾಳವಾಗಿ ಮುಂದಿನ ಪುಟ ತಿರುಗಿಸಿದಳು.

ಶನಿವಾರ ಖಾನಾಪುರದಲ್ಲಿ ಬಸ್ಸಿಳಿದು ಓಣಿಗೆ ಹೊಕ್ಕರೆ ಹುಸೇನಬೀ ಬಾಗಿಲಲ್ಲೇ ನಿಂತಿದ್ದಳು. ಮುದುಕಿಯ ಮುಖ ಕೆಂಪಾಗಿತ್ತು.

"ನಿಮ್ಮ ಚರ್ಚಿನ ಬಾಯಂದ್ರು ಬಂದಿದ್ರು ನಿನ್ನಿ. ಗಾಡಿ ಮಾಡ್ಕೊಂಡು. ಬಾಳಿಹಣ್ಣಾ ಬಿಸ್ಕೀಟಾ ತಂದಿದ್ರು. ಅಕೀ ತಲೀಮ್ಯಾಲೆ ಕೈ ಇಟ್ಟು ಏನಂದ್ರು ಗೊತ್ತೈತೇನ್ರೀ? ದೇವರ, ಇನ್ನೊಬ್ಬಾಕಿ ಗಂಡನ್ನ ಕಸಗೊಂಡ ಪಾಪಕ್ಕ ಈ ಶಿಕ್ಷಾ ಉಣ್ಣಾಕ ಹತ್ಯಾಳ, ಕ್ಷಮಾ ಮಾಡು ಅಂತ ಒದರಿದ್ರು. ಓಣಿ ಮಂದಿ ಎಲ್ಲಾ ಬಾಗಲಾಗ ನಿಂತು ಕೇಳಿದ್ರು. ಫೋಟೋನೂ ಹೊಡಕೊಂಡ್ರು. ಇಷ್ಟ ವರ್ಷ ಅಕಿ ಇಲ್ಲಿ ಅವನ ಹೇಂತಿ ಅಂತ ಮರ್ಯಾದಿಲೇ ಬಾಳ್ವೆ ಮಾಡ್ಯಾಳ್ರೀ. ನಿನ್ನಿಯಿಂದ ಅಕಿ ಬಾಯಾಗ ಒಂದ ಅಗಳೂ ಹೋಗಿಲ್ಲ. ನೀರ ಕುಡಿಸಾಕ ನನಗ ಸಾಕಾಗಿ ಹೋತು."

ಎಸ್ತೇರಬಾಯಿಯ ಮೈಯೆಲ್ಲ ಉರಿಯಿತು. ಅಂಗಳದಲ್ಲೇ ನಿಂತು ಸ್ತ್ರೀಸಮಾಜದ ಅಧ್ಯಕ್ಷೆ ಪ್ರಮೀಳಾಬಾಯಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದಳು. ಜಡ್ಡಿನಾಕಿ ಮನಿಗೆ ಹೋಗಿ ಮಾನಾ ತೆಗೀತೀರಿ, ನಿಮಗ ನಾಚಿಕಿ ಇಲ್ಲೇನು, ನಿಮಗ ಹೋಗಾಕ ಹೇಳಿದವರ್ಯಾರು ಎಂದು ಕೂಗಿದಳು. ಪ್ರಮೀಳಾಬಾಯಿ ಪೂರ್ತಿ ಕೇಳಿಸಿಕೊಂಡು, ಮೆತ್ತಗೆ ಅಂದಳು:

"ಸಿಸ್ಟರ್, ನೀವ ಹೇಳಿದ್ರಲ್ರೀ. ಹೆಸರು, ಓಣಿ, ಮನಿ, ಎಲ್ಲಾ ನೀವ ಹೇಳಿದ್ರಿ. ನೀವು ಹೇಳಿದ್ದನ್ನ ನಾವು ದೇವರಿಗೆ ಹೇಳಿದ್ವಿ."

ಎಸ್ತೇರಬಾಯಿ ಫೋನು ಇಟ್ಟು, ತಾಟಿನಲ್ಲಿ ಅನ್ನ ಕಿವುಚಿಕೊಂಡು ಒಳಗೆ ಹೋದಳು. ಚಂದ್ರವ್ವ ಗೋಡೆಯ ಕಡೆ ಮುಖ ಮಾಡಿದ್ದಳು. ತುತ್ತು ಹತ್ತಿರ ಒಯ್ದರೆ ಬಾಯಿ ಬಿಗಿದಳು. ಸತ್ತ ಎಡತುಟಿಯನ್ನು ಕೂಡ ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು.

"ಉಣ್ಣು. ಗುಳಗಿ ತಗೋಬೇಕು. ಖಾಲಿ ಹೊಟ್ಟೀಲೇ ತಗೊಂಡ್ರ ಸಾಯ್ತಿ."

"ಸಾಯ್ತೀನಿ," ಎಂದಳು ಚಂದ್ರವ್ವ. ನಾಲಿಗೆ ತೊದಲುತ್ತಿದ್ದರೂ ಒಂದೊಂದು ಮಾತೂ ತಿಳಿಯುತ್ತಿತ್ತು. "ನಿಮ್ಮಪ್ಪನ ರೂಢಿ ನನಗ ಗೊತ್ತೈತಿ. ಪ್ರಭುದಾಸ ಹೇಳಿದ್ದ. ನೀ ನನಗ ಉಣ್ಸಾಕ ಬರಂಗಿಲ್ಲ. ನಿನ್ನ ಪುಸ್ತಕದ ಹಾಳಿ ತಿರುವಾಕ ಬರ್ತಿ. ನಿನ್ನ ಪುಣ್ಯೇಕ ನನ್ನ ಬಾಯಿ ಯಾಕ ಬೇಕ?"

ಎಸ್ತೇರಬಾಯಿ ತಾಟನ್ನು ನೆಲಕ್ಕೆ ಕುಕ್ಕಿದಳು. "ನನ್ನ ಸಂಸಾರ ಹಾಳ ಮಾಡಿದಾಕಿ ನೀ. ನನಗ ಬುದ್ಧಿ ಹೇಳ್ತೀಯೇನ?"

"ಹ್ಞೂಂ, ಹಂಗ ಬೈ. ನನ್ನ ಮಾರಿಗೆ ಬೈ. ಬಂದಾಗಿಂದ ಮೂಕೀಗತೆ ಮೈ ತೊಳದಿ. ಬೈಯೂದ ಅಲ್ಲಿ ಹೋಗಿ ಬೈದಿ, ದೇವರ ಮುಂದ, ಮಂದಿ ಮುಂದ." ಚಂದ್ರವ್ವ ದಮ್ಮು ತೆಗೆದುಕೊಂಡಳು. "ಸಾಯೂ ಮುಂದ ಅಂವ ನಿನ್ನ ಹೆಸರ ಕರದ. ನನ್ನದಲ್ಲ. ನಿನಗ ಹೇಳಿ ಕಳಿಸಿದ್ದೆ. ನೀ ಬರಲಿಲ್ಲ. ಮಣ್ಣಿನ್ಯಾಗ ನಾ ಒಬ್ಬಾಕಿನ ನಿಂತಿದ್ದೆ. ನಾ ಯಾರ ಮುಂದರೆ ನಿನ್ನ ಹೆಸರ ತೆಗದೀನೇನ?"

ಚಂದ್ರವ್ವ ಮತ್ತೆ ಗೋಡೆಯ ಕಡೆ ತಿರುಗಿದಳು. "ಎಲ್ಲಿ ಹೇಳಿದ್ಯೋ ಅಲ್ಲೇ ಹೋಗಿ ತಿರುಗಿ ಹೇಳು. ಹೇಳದನ ಬಂದ್ರ ನಾ ಬಾಯಿ ತೆಗಿಯಂಗಿಲ್ಲ."

ವಾಪಸು ಬಸ್ಸಿನಲ್ಲಿ ಎಸ್ತೇರಬಾಯಿ ಚಂದ್ರವ್ವನನ್ನು ಬೈದಳು, ಪ್ರಮೀಳಾಬಾಯಿಯನ್ನು ಬೈದಳು, ಸತ್ತ ಗಂಡನನ್ನು ಬೈದಳು. ದೇಸೂರು ದಾಟುವಷ್ಟರಲ್ಲಿ ಬೈಯಲು ಉಳಿದವಳು ತಾನೊಬ್ಬಳೇ. ಸಾಯಲಿ ಬಿಡು ಎಂದುಕೊಂಡರೆ ಯಾರೂ ಕೇಳುವವರಿರಲಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಕಚ್ಚಿ ಹಿಡಿದ ತುಟಿ ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ.

ಭಾನುವಾರ ಚರ್ಚು ತುಂಬಿತ್ತು. ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಎಲ್ಲರೆದುರು ಹೇಳುವ ಸಾಕ್ಷಿಯ ಸಮಯ ಬಂದಾಗ ಪ್ರಮೀಳಾಬಾಯಿಯೇ ಎದ್ದು, ಶತ್ರುವನ್ನು ಕ್ಷಮಿಸಿದ ನಮ್ಮ ಸಹೋದರಿ ಎಸ್ತೇರ್ ಈಗ ತಮ್ಮ ಸಾಕ್ಷಿ ಹೇಳುತ್ತಾರೆ ಎಂದು ಸಕ್ಕರೆಯಂಥ ದನಿಯಲ್ಲಿ ಕರೆದಳು. ಎಸ್ತೇರಬಾಯಿ ಮುಂದೆ ಹೋಗಿ ಮೈಕನ್ನು ಸರಿಸಿದಳು. ಅವಳ ದನಿಗೆ ಅದು ಬೇಕಿರಲಿಲ್ಲ.

"ಬುಧವಾರ ನಾ ಒಂದ ಪ್ರಾರ್ಥನಾ ವಿನಂತಿ ಕೊಟ್ಟಿದ್ದೆ. ಅದು ಪ್ರಾರ್ಥನಾ ಅಲ್ಲ, ಚಾಡಿ. ಹೇಳಿದಾಕಿ ನಾನು, ರುಚಿ ನೋಡಿದವರು ನೀವು. ಚಂದ್ರವ್ವಗ ಲಕ್ವಾ ಹೊಡದಿದ್ದು ಬೀಪಿ ಗುಳಗಿ ಬಿಟ್ಟಿದ್ದಕ್ಕ, ದೇವರ ಶಿಕ್ಷಾ ಅಲ್ಲ. ದೇವರಿಗೆ ಅಷ್ಟ ಸಿಟ್ಟಿದ್ದರ ಬಿಟ್ಟು ಹೋದ ಗಂಡಸಿಗೆ ಮೊದಲ ಹೊಡೀತಿತ್ತು. ಅಂವ ಹೋದಾಗ ನನ್ನ ಬಾಯಿದ ತಪ್ಪು ಅಂದ್ರಿ. ಈಗ ಅಕಿದ ಪಾಪ ಅಂತೀರಿ. ಹಾಡಾ ಹೇಳಾಂವಗ ಯಾರೂ ಒಂದ ಮಾತ ಅನಲಿಲ್ಲ." ಯಾರೋ ಕೆಮ್ಮಿದರು. ಪಾದ್ರಿಗಳು ಹಾಡಿನ ಪುಸ್ತಕದ ಪುಟ ತಿರುವಲು ಶುರು ಮಾಡಿದ್ದರು. "ತಡೀರಿ ಅಯ್ಯನೋರ, ಮುಗದಿಲ್ಲ. ವಾಟ್ಸಾಪಿನ್ಯಾಗ ಹಾಕಿದ ಫೋಟೋ ಈಗ ತಗೀರಿ. ಖಾನಾಪುರಕ್ಕ ಹೋಗೂದಿದ್ರ ಪ್ರಾರ್ಥನಾ ಮಾಡಾಕ ಹೋಗಬ್ಯಾಡ್ರಿ, ಹಾಸಿಗಿ ತೊಳಿಯಾಕ ಹೋಗ್ರಿ. ಇನ್ನ ನಾ ಕ್ಷಮಾ ಮಾಡೀನಿ ಅಂದ್ರಲ್ಲ, ಮಾಡಿಲ್ಲ. ಇಲ್ಲಿ ನಿಂತು ಸುಳ್ಳ ಹೇಳಾಕ ನನಗ ಬರಂಗಿಲ್ಲ."

ಅವಳು ಕಾಣಿಕೆ ತಟ್ಟೆ ಬರುವವರೆಗೂ ಕಾಯದೆ, ಎರಡೂ ಸಾಲಿನ ನಡುವೆ ನೆಟ್ಟಗೆ ನಡೆದು ಹೊರಗೆ ಬಂದಳು. ಖಾನಾಪುರ ಮುಟ್ಟುವಾಗ ಬಿಸಿಲು ಇಳಿದಿತ್ತು. ಹುಸೇನಬೀಯ ಒಲೆಯಲ್ಲಿ ಅನ್ನ ಮಾಡಿ, ಸಾರಿನಲ್ಲಿ ಕಿವುಚಿ ತಂದು ಮಂಚದ ಹತ್ತಿರ ಕೂತಳು.

"ಹೇಳಿದ್ಯೇನ?" ಎಂದು ಗೋಡೆಯ ಕಡೆಯಿಂದಲೇ ಚಂದ್ರವ್ವ ಕೇಳಿದಳು.

ಎಸ್ತೇರಬಾಯಿ ಒಂದು ಅಕ್ಷರ ಬಿಡದೆ ಹೇಳಿದಳು. ತನ್ನದನ್ನು ಮೆತ್ತಗೆ ಮಾಡಲಿಲ್ಲ, ಅವರದನ್ನೂ ಮಾಡಲಿಲ್ಲ.

"ಆ ಅಧ್ಯಕ್ಷಿಣಿ ಏನಂದ್ಲು?"

"ಅಳಾಕ ಹತ್ತಿದ್ಲು."

"ಚಲೋ ಆತು." ಚಂದ್ರವ್ವ ನಿಧಾನವಾಗಿ ಈ ಕಡೆ ಹೊರಳಿದಳು. ಎಸ್ತೇರಬಾಯಿ ಅವಳ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಿದಳು. ಇಬ್ಬರ ಮುಖವೂ ಹತ್ತಿರ ಬಂತು.

"ನಿನ್ನ ಸಿಟ್ಟು ಹೋತೇನ?"

"ಇಲ್ಲ."

"ನಂದೂ ಇಲ್ಲ," ಎಂದು ಚಂದ್ರವ್ವ ಬಾಯಿ ತೆರೆದಳು.