ಹಣೆಯ ಮೇಲಿನ ಕೆಂಪು ಚುಕ್ಕೆ

ಈ ಮೊಬೈಲನ್ನು ನಾನು ನಂಬುವುದಿಲ್ಲ. ಅಜ್ಜಿ ತೀರಿಕೊಂಡು ತಿಂಗಳಾಯಿತು. ಗೋಡೆಗೆ ಹಾಕಲೆಂದು ಇವತ್ತು ಹಳೆಯ ಗ್ರೂಪ್ ಫೋಟೋದಿಂದ ಅವಳ ಮುಖವನ್ನಷ್ಟೇ ಬೇರೆ ಮಾಡುತ್ತಿದ್ದೆ. ಕಪ್ಪು-ಬಿಳುಪಿನ ಮುಖ, ಹಣೆಯ ಮೇಲೆ ಮಾತ್ರ ಒಂದು ಕೆಂಪು ಚುಕ್ಕೆ. ಮೊಬೈಲು ಅದರ ಸುತ್ತ ಗೆರೆ ಎಳೆದು, 'ಕಲೆ ಇದೆ, ಅಳಿಸಲೇ?' ಎಂದಿತು. ಕರೆಯದೆ ಸಹಾಯಕ್ಕೆ ಬರುವವರೆಂದರೆ ನನಗೆ ಅನುಮಾನ. ಯಾಕೆಂದು ಹೇಳುತ್ತೇನೆ, ಕೇಳಿ.

ಅದು ತಂಗಿಯ ಮದುವೆಯ ಫೋಟೋ. ಆಗ ಅದನ್ನು ತರಲು ಗಡಹಿಂಗ್ಲಜದ ಸ್ಟುಡಿಯೋಗೆ ಹೋಗಿದ್ದೆ. "ನವರಾ-ನವರಿ ತೇವಢೇ ಕಲರ್ ಠೇವೂಯಾ," ಎಂದು ಮರಾಠಿಯಲ್ಲಿ ಶುರುಮಾಡಿದ ಸ್ಟುಡಿಯೋದವ. "ಮದುಮಕ್ಕಳಷ್ಟಽ ಕಲರ್, ಉಳದವ್ರನ್ನ ಬ್ಲ್ಯಾಕ್ ಅಂಡ್ ವೈಟ್ ಮಾಡೂಣ್ರಿ. ಈಗ ಇದಽ ಫ್ಯಾಶನ್." ಫ್ಯಾಶನ್ನು ನನಗೇನು ಗೊತ್ತು? ಗೊತ್ತಿಲ್ಲವೆನ್ನುವ ಧೈರ್ಯವೂ ಇರಲಿಲ್ಲ. "ಹೂಂ, ಮಾಡ್ರಿ" ಎಂದೆ.

ಮಹಾಗಾಂವದ ನಮ್ಮ ಮನೆಯಲ್ಲಿ ಕಪ್ಪು-ಬಿಳುಪಿನಲ್ಲಿದ್ದವರು ಸತ್ತವರು ಮಾತ್ರ, ಪಡಸಾಲೆಯ ಗೋಡೆಯ ಮೇಲೆ, ಮಾಲೆ ಹಾಕಿಸಿಕೊಂಡು. ಅಪ್ಪನ ತಮ್ಮ, ಅಂದರೆ ಕಾಕಾ, ಆಗ ಕೊಲ್ಹಾಪುರದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಕಾದು ಮಲಗಿದ್ದರು. ಅವರ ಹೆಂಡತಿ ಕಾಕು ಫೋಟೋ ನೋಡಿದಳು. ತನ್ನ ಹಣೆಯ ಕುಂಕುಮ ಕರ್ರಗೆ, ಪಕ್ಕದಲ್ಲಿ ಗಂಡ ಬೂದಿಬಣ್ಣ.

"ಮನಷ್ಯಾ ಇನ್ನೂ ಉಸರಾಡಾಕತ್ತಾನ, ಆಗಲೇ ಗ್ವಾಡಿಗೆ ಏರಿಸೀರೇನ?" ಎಂದು ನನ್ನ ಅವ್ವನ ಕಡೆ ತಿರುಗಿದಳು. "ಇದು ನಿಮ್ಮ ಕೆಲಸಽ ಅಕ್ಕಾರ."

ನೆಗೆಣ್ಣಿಯರ ನಡುವೆ ಅನುಮಾನವನ್ನು ಯಾರೂ ಬಿತ್ತಬೇಕಾಗಿಲ್ಲ. ಅವ್ವ ಫೋಟೋವನ್ನು ಮಗುಚಿಟ್ಟಳು; ಮಾಡಿಸಿದ್ದು ನಾನೆಂದು ನಾನು ಬಾಯಿ ಬಿಡಲಿಲ್ಲ. ಕಾಕಾ ಗುಣವಾಗಿ ಎಸ್ಟಿ ಬಸ್ಸಿನಲ್ಲಿ ಮನೆಗೆ ಬಂದರು, ಆದರೂ ಅವ್ವ-ಕಾಕುವಿನ ನಡುವೆ ಮಾತಿಲ್ಲ. ಒಬ್ಬಳು ರೊಟ್ಟಿ ತಟ್ಟುವಳು, ಇನ್ನೊಬ್ಬಳು ಬೇಯಿಸುವಳು, ಅಷ್ಟೇ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮತ್ತೆ ಸ್ಟುಡಿಯೋಕ್ಕೆ ಓಡಿದೆ. "ಹೆಣ್ಮಕ್ಕಳ ಕುಂಕುಮ ಅಷ್ಟಽ ಕೆಂಪ ಮಾಡ್ರಿ" ಎಂದೆ. ಪುಣ್ಯಾತ್ಮ ಹೇಳಿದಷ್ಟೇ ಮಾಡಿದ, ಒಬ್ಬರನ್ನೂ ಬಿಡದೆ. ಅಜ್ಜ ಹೋದಂದಿನಿಂದ ಬರೀ ವಿಭೂತಿ ಹಚ್ಚುತ್ತಿದ್ದ ಅಜ್ಜಿಗೂ ಕುಂಕುಮ ಬಂತು.

ಮನೆಗೆ ತಂದು ತೋರಿಸಿದೆ. "ಇದನ್ಯಾರು ಮಾಡಿಸ್ಯಾರ?" ಎಂದ ಕಾಕು ಮತ್ತೆ ಅವ್ವನನ್ನೇ ನೋಡಿದಳು.

"ನಾನಽ ಕಾಕು. ಮೊದಲಿಂದೂ ನಾನಽ."

ತಲೆ ತಗ್ಗಿಸಿ ಬೈಗುಳಕ್ಕೆ ಕಾದೆ. ಅಜ್ಜಿ ಫೋಟೋವನ್ನು ಕಣ್ಣ ಹತ್ತಿರ ಹಿಡಿದು ಸೆರಗಿನಿಂದ ಚುಕ್ಕೆ ಒರೆಸಿದ್ದು ಕಂಡಿತು. "ಹೋಗವಲ್ದು. ಇರಲಿ ಬಿಡ್ರಿ" ಎಂದಳು. ಸಂಜೆ ಕಾಕು ಅವ್ವನಿಗೆ ಚಹಾ ತಂದುಕೊಟ್ಟಳು. ಕ್ಷಮೆ ಕೇಳಿದ್ದು ಅಷ್ಟೇ.

ಇವತ್ತು ನನ್ನ ಕೈಯಲ್ಲಿ ಮೊಬೈಲು ಇನ್ನೂ ಉತ್ತರಕ್ಕೆ ಕಾಯುತ್ತಿತ್ತು. ಕಾಕು ಬಂದು ಬಗ್ಗಿದಳು. "ಏನ ಕೇಳಾಕತ್ತೈತಿ ಅದು?"

"ಕಲೆ ಅಳಸಲ್ಯಾ ಅಂತ."

ಅಂದು ಅವ್ವನನ್ನು ನೋಡಿದ ಕಣ್ಣಿನಿಂದಲೇ ಕಾಕು ಮೊಬೈಲನ್ನು ದಿಟ್ಟಿಸಿದಳು. "ಬ್ಯಾಡ ಅನ್ನು. ಅತ್ತಿ ಒಮ್ಮೆ ಅಷ್ಟಽ ಒರಸಿದ್ರು. ಎರಡನೇ ಸಲ ಒರಸಲಿಲ್ಲ. ನಾ ನೋಡೀನಿ."

ನಾನೂ ಅಲ್ಲೇ ಇದ್ದೆ. ಒರೆಸಿದ್ದನ್ನು ಕಂಡಿದ್ದೆ, ಒಂದೇ ಸಲಕ್ಕೆ ನಿಲ್ಲಿಸಿದ್ದನ್ನು ಬೈಗುಳದ ಭಯದಲ್ಲಿ ಗಮನಿಸಿರಲಿಲ್ಲ. 'ಬೇಡ' ಒತ್ತಿದೆ.