ಷರಾ ಕಾಲಂ

ನಿನ್ನೆ ಮಾನ್ವಿ ಬಸ್ಸಿನಲ್ಲಿ ಬಂದ ಚೀಲ ಬಿಚ್ಚಿದಾಗ ಮೊದಲು ಹೊರಬಂದದ್ದು ನುಸಿಗುಳಿಗೆಯ ವಾಸನೆ, ಆಮೇಲೆ ವಾಚನಾಲಯದ ಹಳೆಯ ರಿಜಿಸ್ಟರುಗಳು. ಇವನ್ನು ನಾನು ಒಮ್ಮೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಂಪ್ಯೂಟರಿಗೆ ಏರಿಸಿದ್ದೇನೆ. ಈಗ ಮತ್ತೆ ಏರಿಸಬೇಕು. ಕಣ್ಣಿಗೆ ಹೊಸ ಕನ್ನಡಕ ಬಂದಿದೆ. ಬೆನ್ನಿಗೆ ಅಂಥದೇನೂ ಸಿಗುವುದಿಲ್ಲ.

ರಾಯಚೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ವರ್ಷಗಟ್ಟಲೆ ಕೂತವನು ನಾನು. ಬೇರೆಯವರು ಬರೆದದ್ದನ್ನು ಹೊಡೆದುಹಾಕುವುದೇ ಕೆಲಸ. ಯಾರು, ಎಲ್ಲಿ, ಯಾವಾಗ, ಉಳಿದದ್ದು ಕಸ. ಮದುವೆಯ ಕರೆಯೋಲೆ ಬಂದರೂ ಕೈ ಕೆಂಪು ಪೆನ್ನು ಹುಡುಕುತ್ತಿತ್ತು. ನಿವೃತ್ತನಾದ ಮೇಲೆ ನಮ್ಮ ಓಣಿಯ ರೆಹಾನಾ, ಕಂಪ್ಯೂಟರ್ ಪಾಠ ಹೇಳುವಾಕೆ, ನನ್ನನ್ನು ಕರೆದಳು. ಮಾನ್ವಿ, ದೇವದುರ್ಗದ ಕಡೆ ಊರವರೇ ನಡೆಸುವ ವಾಚನಾಲಯಗಳಲ್ಲಿ ಯಾವ ಪುಸ್ತಕ ಎಲ್ಲಿದೆ ಎಂದು ಮೊಬೈಲಿನಲ್ಲೇ ಹುಡುಕುವ ಜಾಲತಾಣವೊಂದನ್ನು ಅವಳು ಕಟ್ಟುತ್ತಿದ್ದಳು. ಪುಸ್ತಕದ ಒಳಗಿನ ಮಾತು ಬೇಡ. ಹೆಸರು, ಬರೆದವರು, ವಿಷಯ, ಕಪಾಟು, ಇಷ್ಟೇ ಸಾಕು ಎಂದಳು. ‘ಇಷ್ಟೇ ಸಾಕು’ ಎನ್ನುವವರಿಗಾಗಿ ನಾನು ಜನ್ಮವಿಡೀ ಕಾಯುತ್ತಿದ್ದೆ.

ಮಾನ್ವಿಯ ವಾಚನಾಲಯವನ್ನು ಆಗ ನೋಡಿಕೊಳ್ಳುತ್ತಿದ್ದವರು ಶರಣಪ್ಪ. ಹಣೆಯಲ್ಲಿ ವಿಭೂತಿ, ಕಿವಿಯ ಮೇಲೆ ನೀಲಿ ಪೆನ್ಸಿಲ್. ಪುಸ್ತಕ ಕೊಟ್ಟರೆ ಮರಳಿಸುವ ತಾರೀಖು ಹಾಕುತ್ತಿರಲಿಲ್ಲ. ರಿಜಿಸ್ಟರಿನ ಕೊನೆಯ ಷರಾ ಕಾಲಂನಲ್ಲಿ, ಪುಸ್ತಕ ಯಾರ ಮನೆಯಲ್ಲಿದೆ ಎಂದು ಬರೆಯುತ್ತಿದ್ದರು. ಬೇಕಾದವರು ಆ ಮನೆಗೇ ಹೋಗಿ ಇಸಿದುಕೊಳ್ಳಬೇಕು. “ರೈಸ್ ಮಿಲ್ಲಿನ ಸಾಹುಕಾರ ಒಯ್ದಾನ, ಓದಂಗಿಲ್ಲ, ಕಸಗೊಂಡು ಬರ್ರಿ” ಎಂಬಂಥ ಷರಾಗಳೂ ಇದ್ದವು.

“ಶರಣಪ್ಪನವರೇ, ಇದು ರಿಜಿಸ್ಟರೋ, ಹರಟೆಕಟ್ಟೆಯೋ?” ಎಂದಿದ್ದೆ.

“ಪುಸ್ತಕ ಕಪಾಟದಾಗ ಕುಂದ್ರಾಕ ಅದೇನ್ ದೇವ್ರೇನ್ರೀ? ಊರೂರು ತಿರಗಾಕತ್ತದ. ಎಲ್ಲಿ ತಿರಗಾಕತ್ತದ ಅಂತ ನಾ ಬರದೀನಿ.”

ನಗುತ್ತಾ ಕೇಳಿಸಿಕೊಂಡೆ. ಏರಿಸುವಾಗ ಆ ಕಾಲಂ ಅನ್ನು ಪೂರ್ತಿ ಬಿಟ್ಟೆ. “ಕೊನೀ ಕಾಲಂ ಖಾಲಿ ಬಿಡ್ಲೇನ್ರೀ ಅಂಕಲ್?” ಎಂದು ರೆಹಾನಾ ಎರಡು ಸಲ ಕೇಳಿದ್ದಳು. ಕಸ ಎಂದೆ. ಎಲ್ಲ ಪುಸ್ತಕಗಳ ಮುಂದೆಯೂ ‘ಲಭ್ಯ’ ಎಂದು ಬಂತು. ನೋಡಲು ಚೊಕ್ಕಟವಾಗಿತ್ತು.

ಮೊಣಕಾಲು ನೋವಿಗೆ ಶರಣಪ್ಪ ಮನೆ ಹಿಡಿದರು. ಅವರ ಜಾಗಕ್ಕೆ ಬಂದ ಹೊಸಬರು ರಿಜಿಸ್ಟರು ಬಿಟ್ಟು ಪರದೆಯನ್ನೇ ನಂಬಿದರು. ಹೀಗಿರುವಾಗ ಒಂದು ದಿನ ನಾನು ಮಾನ್ವಿಯಲ್ಲಿದ್ದಾಗ ಹುಲಿಗೆಮ್ಮ ಎಂಬಾಕೆ ಬಂದಳು. ಅರಕೇರಾದವಳು. ಹತ್ತಿ ಬಿಡಿಸುವ ಕೂಲಿ ಬಿಟ್ಟು, ಬಸ್ಸು ಬದಲಿಸಿ ಬಂದಿದ್ದಳು. ಇನ್ನು ಮೂರು ದಿನಕ್ಕೆ ಶಿಕ್ಷಕರ ಅರ್ಹತಾ ಪರೀಕ್ಷೆ. ಮಕ್ಕಳ ಮನಶ್ಶಾಸ್ತ್ರದ ಪುಸ್ತಕವೊಂದು ಬೇಕಿತ್ತು. ಕಪಾಟಿನಲ್ಲಿ ಅದಿರಲಿಲ್ಲ. ಅವಳು ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದಳು.

“ಇದ್ರಾಗ ಅದ, ಕಪಾಟದಾಗ ಇಲ್ಲ. ಯಾವುದನ್ನ ಓದ್ಲಿರೀ ಸರ?”

ಶರಣಪ್ಪನವರಿಗೆ ಫೋನ್ ಮಾಡಿದೆ. ಅವರು ಯೋಚಿಸಲೂ ಇಲ್ಲ. “ಗಬ್ಬೂರಿನ ಟೀಚರಮ್ಮನ ಮನಿಯಾಗ ಅದ. ಷರಾದಾಗ ಬರದೀನಲ್ಲ. ನೋಡ್ಲಿಲ್ಲೇನು?”

ಗಬ್ಬೂರು ಅವಳ ಊರಿನ ಕಡೆಯದೇ; ಷರಾ ಏರಿಸಿದ್ದರೆ ಅವಳು ಮಾನ್ವಿಗೆ ಬರಬೇಕಿರಲಿಲ್ಲ. ಹುಲಿಗೆಮ್ಮ ನನ್ನನ್ನು ಬೈಯಲಿಲ್ಲ. ಬಸ್ಸಿನ ಹೊತ್ತು ಕೇಳಿ ಹೊರಟಳು. ಪುಸ್ತಕ ಮರುದಿನ ಸಿಕ್ಕಿತು. ಆ ಸಲ ಅವಳು ಪಾಸಾಗಲಿಲ್ಲ. ಕಳೆದ ಆ ಒಂದು ದಿನದಿಂದಲೇ ಎಂದು ನಾನು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. ಪತ್ರಿಕೆಯಲ್ಲಾಗಿದ್ದರೆ ಮರುದಿನ ಒಂದು ಸಾಲಿನ ತಿದ್ದುಪಡಿ ಹಾಕಿ ಮನೆಗೆ ಹೋಗುತ್ತಿದ್ದೆ.

ಅದಕ್ಕೇ ಈ ಚೀಲ. ರೆಹಾನಾ ಪರದೆಯಲ್ಲಿ ಷರಾಕ್ಕೊಂದು ಜಾಗ ಮಾಡಿದ್ದಾಳೆ.

ಇಂದು ಬೆಳಿಗ್ಗೆ ಆ ಪುಸ್ತಕದ ಸಾಲಿಗೆ ಬಂದೆ. ಈಗ ಎಲ್ಲಿದೆಯೋ ಎಂದು ಹುಲಿಗೆಮ್ಮನಿಗೇ ಫೋನ್ ಮಾಡಿದೆ. “ನನ್ನ ಹತ್ರನ ಅದರೀ. ಪರೀಕ್ಷಾ ಮತ್ತ ಬರೀಬೇಕಲ್ಲ. ಯಾರಾರ ಬೇಕಂದ್ರ ಬರ್ಲಿ, ಕೊಡ್ತೀನಿ. ಆದ್ರ ಒಯ್ಯಾಂಗಿಲ್ಲ, ಇಲ್ಲೇ ಕುಂತು ಓದ್ಬೇಕು.”

ಟೈಪು ಮಾಡಿದೆ: ಅರಕೇರಾದ ಹುಲಿಗೆಮ್ಮನ ಮನಿಯಾಗ ಅದ. ಕೇಳಿದ್ರ ಕೊಡ್ತಾಳ. ಅಲ್ಲೇ ಕುಂತು ಓದ್ಬೇಕು.

ಮೂರು ವಾಕ್ಯ. ಒಂದರಲ್ಲಿ ಮುಗಿಸಬಹುದಿತ್ತು. ಕೈ ತುರಿಸಿತು. ಹೊಡೆದುಹಾಕಲಿಲ್ಲ, ಕೆಳಗಿನ ಸಾಲಿಗೆ ಇಳಿದೆ.