ಗಾಯಾಳುಗಳನ್ನು ಕಟ್ಟುವ ಹಂಪಯ್ಯ

ಬೆಳಕು ಹರಿಯುವ ಹೊತ್ತು. ಹಗರಿ ಹೊಳೆಯ ಮರಳಿಗಿಳಿಯಲಾರದೆ ಬಳ್ಳಾರಿ ಆಸ್ಪತ್ರೆಯ ವ್ಯಾನು ಮೋಕ ಊರಿನ ದಂಡೆಯಲ್ಲೇ ನಿಂತಿದೆ. ಆಚೆ ದಂಡೆಯ ಹಳ್ಳಿಯಲ್ಲಿ ರೈತ ದುರುಗಪ್ಪ ಸ್ಟ್ರೆಚರ್ ಮೇಲೆ ಅಂಗಾತ ಮಲಗಿದ್ದಾರೆ. ನಿನ್ನೆ ಸಂಜೆ ಹುಲ್ಲಿನ ಬಂಡಿಯ ಮೇಲಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿದೆ. ಸ್ಟ್ರೆಚರ್ ಹೊರುವ ಹಂಪಯ್ಯ ಪಟ್ಟಿ ಬಿಗಿಯಲು ಬಗ್ಗಿದ್ದೇ ತಡ, ದುರುಗಪ್ಪನವರ ಹೆಂಡತಿ ಪಾರಮ್ಮ ಅಡ್ಡ ನಿಲ್ಲುತ್ತಾರೆ.

"ಉಸಿರಾಡೋ ಮನಷ್ಯಾನ್ನ ಚಟ್ಟಕ್ಕ ಕಟ್ಟಿದಂಗ ಕಟ್ತೀರೇನ್ರಿ? ನಾ ಬಿಡಾಂಗಿಲ್ಲ!"

ಹಂಪಯ್ಯ ಪಟ್ಟಿ ಹಿಡಿದೇ ನಿಲ್ಲುತ್ತಾರೆ. ಕಟ್ಟದೆ ಹೊತ್ತರೆ, ಮರಳಲ್ಲಿ ಕಾಲು ಹೂತಾಗೆಲ್ಲ ಮೈ ಹೊರಳುತ್ತದೆ. ಬೆನ್ನು ಅಲುಗಿದರೆ ದುರುಗಪ್ಪ ಮತ್ತೆ ನಡೆಯುವುದು ಸುಳ್ಳು.

ಈ ಭಯ ಅವರಿಗೆ ಹಳೆಯದು. ಕುರುಗೋಡಿನಲ್ಲಿ ಹುಟ್ಟಿ ಈಗ ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ಹಂಪಯ್ಯ, ಹೋದ ವರ್ಷ, ಅಂದರೆ 1953ರವರೆಗೆ, ಕೊರಿಯಾ ಯುದ್ಧದಲ್ಲಿ ನಮ್ಮ ಸೇನೆಯ ವೈದ್ಯದಳದಲ್ಲಿದ್ದವರು. ಹಿಂದಿನ ಮಹಾಯುದ್ಧದಲ್ಲಿ ಬರ್ಮಾದ ಕಾಡಿನ ಮೇಲೆ ಹೆಲಿಕಾಪ್ಟರ್ ಹಾರಿದ್ದು ಅಪರೂಪಕ್ಕೆ. ಕೊರಿಯಾದಲ್ಲಿ ಅದಿಲ್ಲದೆ ದಿನವೇ ಸಾಗದು. ರಕ್ತ, ಔಷಧಿ ತರಲು ಅದೇ, ಗುಡ್ಡಗಳ ಮೇಲೆ ಟೆಲಿಫೋನ್ ತಂತಿ ಎಳೆಯಲು ಅದೇ, ಶತ್ರುವಿನ ಜಾಗ ನೋಡಿ ಬರಲು ಅದೇ, ವಿಮಾನದಿಂದ ಬಿದ್ದ ಪೈಲಟ್‌ಗಳನ್ನು ಎತ್ತಿ ತರಲೂ ಅದೇ. ಚಿಕ್ಕ ಹೆಲಿಕಾಪ್ಟರಿನ ಒಳಗೆ ಗಾಯಾಳು ಮಲಗಲು ಜಾಗವಿಲ್ಲ. ಹೊರಗೇ, ಪಕ್ಕಕ್ಕಿರುವ ತೊಟ್ಟಿಲಿನಂಥ ಚೌಕಟ್ಟಿಗೆ ಕಟ್ಟಬೇಕು. ಆ ಕಟ್ಟುವ ಕೆಲಸ ಹಂಪಯ್ಯನವರದಾಗಿತ್ತು.

ಕೌಲ್ ಬಜಾರಿನ ಚಹಾ ಅಂಗಡಿಯಲ್ಲಿ ಇದನ್ನು ಹೇಳಿದರೆ, "ಗಾಳ್ಯಾಗ ನಿಂತಲ್ಲೇ ನಿಲ್ಲೋ ಇಮಾನ ಏನಲೇ? ನಮ್ಮ ಕಿವಿಗೆ ಹೂ ಇಡಬ್ಯಾಡ" ಎಂದು ನಗುತ್ತಾರೆ. ನಕ್ಕರೆ ನಗಲಿ. ಹಂಪಯ್ಯನವರನ್ನು ಕೊರೆಯುವುದೇ ಬೇರೆ.

"ಕಟ್ಟಿ ಮ್ಯಾಲ ಕಳಸೋದಷ್ಟ ನನ್ನ ಕೆಲಸ. ಅವ್ರೊಳಗ ಯಾರು ಉಳುದ್ರು, ಯಾರು ಹ್ವಾದ್ರು, ನನಗ ಯಾರೂ ಹೇಳ್ಲಿಲ್ರಿ. ಇಲ್ಲೂ ಅಷ್ಟ. ಒಬ್ಬರನ್ನ ಇಳಿಸೂದ್ರಾಗ ಇನ್ನೊಬ್ಬರ ಕರೆ ಬರ್ತೈತಿ. ಪಟ್ಟಿ ಹಿಡಿದಾಗೆಲ್ಲ ಅದ ನೆನಪಾಗ್ತೈತಿ."

ಪಾರಮ್ಮ ಇನ್ನೂ ಅಡ್ಡ ನಿಂತೇ ಇದ್ದಾರೆ. ವಾದಕ್ಕಿಳಿದರೆ ಹೊತ್ತು ಹೋಗುತ್ತದೆ. ಹಂಪಯ್ಯ ಪಟ್ಟಿಯನ್ನು ಪಾರಮ್ಮನ ಕೈಗೇ ಕೊಡುತ್ತಾರೆ.

"ಯವ್ವಾ, ನೀನ ಕಟ್ಟು. ಹೆಣಾನ ಗಂಡಸ್ರು ಕಟ್ತಾರ. ಹೆಂಡ್ತಿ ಕಟ್ಟಿದ್ದು ಎಲ್ಲ್ಯಾರ ಕಂಡೀಯೇನು?"

ಪಾರಮ್ಮ ಅವರನ್ನೇ ದಿಟ್ಟಿಸುತ್ತಾರೆ. ಎಲ್ಲೂ ಕಂಡಿಲ್ಲ. ಕಣ್ಣೊರೆಸಿಕೊಂಡು, ಹಂಪಯ್ಯ ತೋರಿಸಿದಂತೆ ಎದೆ, ಸೊಂಟ, ಮೊಣಕಾಲಿಗೆ ಪಟ್ಟಿ ಬಿಗಿಯುತ್ತಾರೆ. ಜೊತೆಗಾರ ಕೆಂಚಣ್ಣ ಮುಂದೆ, ಹಂಪಯ್ಯ ಹಿಂದೆ ಹೆಗಲು ಕೊಡುತ್ತಾರೆ. ನಡುಹೊಳೆಯಲ್ಲಿ ದುರುಗಪ್ಪ ಒಮ್ಮೆ ನರಳಿ ಸುಮ್ಮನಾದಾಗ ಹಂಪಯ್ಯನವರಿಗೆ ಇಳಿಸಿ ನೋಡಬೇಕೆನಿಸುತ್ತದೆ. ಆದರೆ ಮರಳಲ್ಲಿ ನಿಲ್ಲುವಂತಿಲ್ಲ.

ದುರುಗಪ್ಪ, ಪಾರಮ್ಮ ಇಬ್ಬರನ್ನೂ ಬಳ್ಳಾರಿಯ ಆಸ್ಪತ್ರೆಗೆ ಮುಟ್ಟಿಸಿದಲ್ಲಿಗೆ ಹಂಪಯ್ಯನವರ ಕೆಲಸ ಮುಗಿಯಿತು. ಸಿರುಗುಪ್ಪದ ದಾರಿಯಲ್ಲಿ ಇನ್ನೊಬ್ಬರು ಬಿದ್ದಿದ್ದಾರೆಂದು ವ್ಯಾನಿನ ಡ್ರೈವರ್ ಕೂಗುತ್ತಾನೆ. ಇವತ್ತು ಮಾತ್ರ ಹಂಪಯ್ಯನವರಿಗೆ ಕಾಲು ಕೀಳಲಾಗುತ್ತಿಲ್ಲ. ಬಾಗಿಲಲ್ಲೇ ನಿಲ್ಲುತ್ತಾರೆ.

ಡಾಕ್ಟರು ಪಟ್ಟಿ ಬಿಚ್ಚಿ ಅಂಗಾಲು ಗೀರುತ್ತಾರೆ. ಕಾಲು ಅಲುಗುವುದಿಲ್ಲ. ಮತ್ತೆ ಗೀರುತ್ತಾರೆ. ದುರುಗಪ್ಪ "ಯವ್ವಾ!" ಎಂದು ಚೀರಿ ಕಾಲೆಳೆದುಕೊಳ್ಳುತ್ತಾರೆ. "ಕಾಲಿಗೆ ಜೀವ ಇದೆ" ಎನ್ನುತ್ತಾರೆ ಡಾಕ್ಟರು. ಪಾರಮ್ಮ ಅಲ್ಲೇ ಕುಸಿದು ಕೂತು ಅಳುತ್ತಾರೆ.

ಹಂಪಯ್ಯ ಮುಖ ಒರೆಸಿಕೊಂಡು ವ್ಯಾನಿನ ಕಡೆ ಹೊರಡುತ್ತಾರೆ.

"ಕಟ್ಟೋದಷ್ಟ ಗೊತ್ತಿತ್ರಿ ನನಗ. ಬಿಚ್ಚೋದು ಇವತ್ತ ನೋಡಿದೆ."